ಡಾಕ್ಟರ್ ಹೇಳ್ತಾರೆ
ಎಂಆರ್‌ಐ ಕೋಣೆಯ ಟೆಕ್ನಿಷಿಯನ್‌ಗೆ ಆಸ್ಪತ್ರೆಯವರೆಲ್ಲ ಸೇರಿ ಇಟ್ಟ ಹೆಸರು ‘ಅಲುಗಾಡಬೇಡಿ’. ಅವನು ಮುಖ ಮರೆತಾನು, ಒಮ್ಮೆ ನೋಡಿದ ಮಂಡಿ ಮರೆಯಲಾರ. “ಸೊಳ್ಳೆ ಕಚ್ಚಿದ್ರೆ ಕಚ್ಚಲಿ ಬಿಡಿ, ಅದಕ್ಕೂ ಹೊಟ್ಟೆ ಇದೆ, ಕಾಲು ಮಾತ್ರ ಅಲುಗಬಾರದು,” ಎನ್ನುತ್ತಾನೆ. ಚಿತ್ರ ಮೂಡಿದ ಮೇಲೆ ಎಷ್ಟು ಗೋಗರೆದರೂ ಒಂದೇ ಉತ್ತರ: “ಡಾಕ್ಟರ್ ಹೇಳ್ತಾರೆ.” ಮುಖವೂ ಏನನ್ನೂ ಬಿಟ್ಟುಕೊಡುವುದಿಲ್ಲ. ಆದರೆ ಮಂಡಿಯೊಳಗಿನ ಲಿಗಮೆಂಟ್ ಹರಿದಿದ್ದರೆ, ಬಾಗಿಲಾಚೆ ಬಿಟ್ಟ ಚಪ್ಪಲಿಯನ್ನು ತಾನೇ ತಂದು ರೋಗಿಯ ಕಾಲ ಬಳಿ ಇಡುತ್ತಾನೆ. ಈ ಅಭ್ಯಾಸ ಅವನಿಗೇ ಗೊತ್ತಿಲ್ಲ. ಗೊತ್ತಿರುವುದು ಆ ಕೋಣೆಯ ಆಯಾಗೆ ಮಾತ್ರ. ಇವತ್ತು ಮಲಗಿದ್ದವಳು ಅವನ ಮಗಳು, ಮುಂದಿನ ತಿಂಗಳು ಓಟದ ಪಂದ್ಯಕ್ಕೆ ಹೋಗಬೇಕಾದವಳು. “ಏನಾಗಿದೆಯಪ್ಪಾ?” ಎಂದಳು. “ಡಾಕ್ಟರ್ ಹೇಳ್ತಾರಮ್ಮಾ,” ಎಂದು ನಕ್ಕು, ಅವಳ ಬೂಟು ತಂದು, ನೆಲದ ಮೇಲೆ ಕೂತು ಲೇಸು ಕಟ್ಟತೊಡಗಿದ. ಆಯಾ ಗೋಡೆಯ ಕಡೆ ತಿರುಗಿ ನಿಂತಳು.