ಅಮಾವಾಸ್ಯೆಯ ಬಂದೂಕು

ಗುರುಸಂಗಪ್ಪನಿಗೆ ಸಿಟ್ಟು ಬಂದರೆ ಮೊದಲು ಕನ್ನಡಕ ತೆಗೆದು ಅಂಗಿಯ ಜೇಬಿಗೆ ಇಳಿಸುತ್ತಾನೆ, ಆಮೇಲೆ ಬಾಯಿ ತೆರೆಯುತ್ತಾನೆ. ರೋಣದ ಬಸ್ ನಿಲ್ದಾಣದ ಹಿಂದೆ, ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅವನ ಅಂಗಡಿಗೆ ಬರುವವರಿಗೆಲ್ಲ ಇದು ಗೊತ್ತು. ಕನ್ನಡಕ ಮೂಗಿನ ಮೇಲಿರುವ ತನಕ ಮಾತಾಡಬಹುದು. ಜೇಬಿಗಿಳಿಯಿತೆಂದರೆ ಮೋಟಾರು ಎತ್ತಿಕೊಂಡು ಹೊರಡುವುದೇ ಲೇಸು.

ಇಪ್ಪತ್ತು ವರ್ಷ ಅವನು ಸೈನ್ಯದಲ್ಲಿದ್ದ. ಯುದ್ಧ ಮಾಡಿದವನಲ್ಲ, ಯುದ್ಧ ಮಾಡುವವರ ರೈಫಲ್ಲುಗಳನ್ನು ಬಿಚ್ಚಿ ಜೋಡಿಸಿದವನು. ಹೀಗಾಗಿ ರೋಣ, ನರಗುಂದ, ಗಜೇಂದ್ರಗಡದ ಸುತ್ತ ಯಾರಿಗೆ ಬಂದೂಕಿನ ಲೈಸೆನ್ಸು ಸಿಕ್ಕರೂ ಅವರು ಒಮ್ಮೆ ಅವನ ಅಂಗಡಿಯ ಕಟ್ಟೆಗೆ ಬಂದು ಕೂಡುವುದು ರೂಢಿ. "ಯಾವುದು ಚಲೋ ಹೇಳ್ರಿ" ಎನ್ನುತ್ತಾರೆ. ಅವನು ಹೆಸರು ಹೇಳುವುದಿಲ್ಲ, ತಿರುಗಿ ಮೂರು ಪ್ರಶ್ನೆ ಕೇಳುತ್ತಾನೆ. ಎದರ ಸಲುವಾಗಿ ಬೇಕು? ಗುರಿ ತಪ್ಪಿದ ಗುಂಡು ಎಲ್ಲಿ ಹೋಗಿ ಬೀಳತೈತಿ? ತಿಂಗಳಾ ಬಿಚ್ಚಿ ಒರಸಾವರು ಯಾರು? ಮೊದಲನೆಯದಕ್ಕೆ ಉತ್ತರ ಬರುತ್ತದೆ. ಎರಡನೆಯದಕ್ಕೆ ಮುಖ ಬಿಗಿಯುತ್ತದೆ. ಮೂರನೆಯದಕ್ಕೆ ಅರ್ಧ ಜನ ಎದ್ದು ಹೋಗುತ್ತಾರೆ. ಮದುವೆಯ ಮೆರವಣಿಗೆಯಲ್ಲಿ ಹೆಗಲಿಗೆ ಚೆಂದ ಕಾಣುವುದನ್ನು ಕೇಳಲು ಬಂದವರಿಗೆ ಒರೆಸುವ ಮಾತು ಅವಮಾನವೇ.

ಕಾರ್ತಿಕ ಮಾಸದ ಒಂದು ಬೆಳಿಗ್ಗೆ ಅವನಿಗೆ ನರಗುಂದದಿಂದ ಫೋನು ಬಂತು. ಮಾತಾಡಿದವನು ಅರುಣಕುಮಾರ, ಅಡತಿ ಅಂಗಡಿಯವನು. ಮೆಣಸಗಿಯಲ್ಲಿರುವ ಗುರುಸಂಗಪ್ಪನ ಅಕ್ಕ ಮುದುಕವ್ವನ ಮೈದುನನ ಮಗ.

"ಮಾಮಾ, ಶಿವನಪ್ಪನ ಸಲುವಾಗಿ ಹೊಸಾ ರೈಫಲ್ ನೋಡೇನಿ. ನೀವೊಮ್ಮಿ ಬಂದು ಹೂಂ ಅಂದುಬಿಡ್ರಿ. ನೀವು ಆರಿಸಿಕೊಟ್ಟ ಬಂದೂಕ ಕೈಕೊಟ್ಟತಲ್ರಿ."

ಕೈಕೊಟ್ಟಿದ್ದು ನಿಜ. ಮೂರು ವಾರದ ಹಿಂದೆ, ಇನ್ನೂ ಮಬ್ಬು ಹರಿಯುವ ಹೊತ್ತಿಗೆ, ಮುದುಕವ್ವನ ಮಗ ಶಿವನಪ್ಪ ಗೋವಿನಜೋಳದ ಹೊಲಕ್ಕೆ ನುಗ್ಗಿದ ಕಾಡುಹಂದಿಗಳನ್ನು ಬೆದರಿಸಲು ಬಂದೂಕು ಹಿಡಿದು ಹೋಗಿದ್ದ. ಒಂದು ಹಂದಿ ಓಡುವ ಬದಲು ತಿರುಗಿ ಬಂತು. ಅವನು ಬಂದೂಕಿನ ಕುದುರೆ ಎಳೆದ. ಟಪ್ ಎಂದಿತು, ಅಷ್ಟೇ. ತೊಡೆಗೆ ಇಪ್ಪತ್ತಾರು ಹೊಲಿಗೆ ಬಿದ್ದವು. ಗುರುಸಂಗಪ್ಪ ಗದಗಿನ ದವಾಖಾನೆಗೆ ಹೋಗಿ ಸೋದರಳಿಯನನ್ನು ನೋಡಿ ಬಂದಿದ್ದ. ಆದರೆ ತನ್ನ ಆಯ್ಕೆಯೇ ತಪ್ಪಿತೆಂಬ ಮಾತು ಅವನ ಕಿವಿಗೆ ಬಿದ್ದದ್ದು ಈಗಲೇ. ಅವನು ಕನ್ನಡಕವನ್ನು ಜೇಬಿಗಿಳಿಸಿ, ಅಂಗಡಿಗೆ ಬೀಗ ಹಾಕಿ, ಉಪಕರಣಗಳ ಪೆಟ್ಟಿಗೆಯೊಂದಿಗೆ ಮೆಣಸಗಿಯ ಬಸ್ಸು ಹತ್ತಿದ.

ಮನೆಯ ಹೊಸ್ತಿಲ ಬಳಿ ಒಂದು ಬಟ್ಟೆಯ ಚೀಲ ತುಂಬಿ, ಬಾಯಿ ಕಟ್ಟಿ ಇಟ್ಟಿತ್ತು. ಪಡಸಾಲೆಯಲ್ಲಿ ಶಿವನಪ್ಪ ಹೊರಸಿನ ಮೇಲೆ ಕಾಲು ಚಾಚಿ ಮಲಗಿದ್ದ. ಅರುಣಕುಮಾರ ಬಣ್ಣದ ಕಾಗದವೊಂದನ್ನು ಬಿಡಿಸಿ ಅದರಲ್ಲಿದ್ದ ರೈಫಲ್ಲಿನ ಚಿತ್ರ ತೋರಿಸುತ್ತಿದ್ದ. ಶಿವನಪ್ಪನ ಹೆಂಡತಿ ಬನಶ್ರೀ ಕಂಬಕ್ಕೊರಗಿ ನಿಂತಿದ್ದಳು. ಅತ್ತು ಮುಗಿಸಿದ ಮುಖ.

"ಚೀಲಾ ಯಾರದು?" ಎಂದ ಗುರುಸಂಗಪ್ಪ.

"ಆಕೀದು," ಎಂದಳು ಮುದುಕವ್ವ. "ಹೊಳೆಆಲೂರಿಗೆ ತವರಿಗೆ ಕಳಸಾಕತ್ತೇವಿ. ಹೊಸಾ ಬಂದೂಕ ಬರೂದರಾಗ ಆಕಿ ಮನ್ಯಾಗ ಬ್ಯಾಡ."

"ಯಾಕ?"

"ಶ್ರಾವಣದಾಗ ಹೊಳಿ ಬಂದಾಗ ಬಂದೂಕ ಮುಟ್ಟಿದಾಕಿ ಈಕೀನ. ಅದೂ ಮುಟ್ಟಬಾರದ ದಿನದಾಗ. ದೇವರ ಮುಂದ ಇದ್ದ ಆಯುಧ, ತಮ್ಮಾ. ಅದರ ಕಸುವು ಅವತ್ತ ಹೋತು."

ಆ ದಿನದ ಸಂಗತಿ ಗುರುಸಂಗಪ್ಪನಿಗೆ ಗೊತ್ತಿತ್ತು. ಮಲಪ್ರಭೆ ಓಣಿಗೆ ನುಗ್ಗಿದಾಗ ಗಂಡಸರು ಎತ್ತು ಬಿಚ್ಚಲು ಓಡಿದ್ದರು. ಗೂಟದ ಮೇಲಿದ್ದ ಬಂದೂಕನ್ನು ಕೌದಿಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು, ಎದೆಮಟ್ಟದ ನೀರಿನಲ್ಲಿ ನಡೆದು ಸಾಲೆಯ ಮಾಳಿಗೆಗೆ ಮುಟ್ಟಿಸಿದವಳು ಬನಶ್ರೀ. ಅಂದು ಮನೆಮಂದಿಯೆಲ್ಲ ಶಹಬ್ಬಾಸ್ ಎಂದಿದ್ದರು. ಯಾವ ದಿನವೆಂದು ಆಗ ಯಾರೂ ಲೆಕ್ಕ ಹಾಕಿರಲಿಲ್ಲ. ಹಂದಿ ತಿವಿದ ಮೇಲೆ ಹಾಕಿದರು.

ಅವನು ಹೊರಸಿನತ್ತ ತಿರುಗಿದ. "ನೀ ಏನಂತಿ ಶಿವ್ಯಾ? ನೀನೂ ಹಂಗ ಅಂತೀಯೇನು?"

ಶಿವನಪ್ಪ ಜಂತಿ ನೋಡಿದ. "ಅವ್ವಾ ಅಂತಾಳ..."

"ಅವ್ವಾ ಏನಂತಾಳ ಅಂತ ನನಗ ಕೇಳಸೇತಿ. ನನ್ನ ಕಿವಿ ಹರದಿಲ್ಲ. ನಿನ್ನ ತೊಡಿ ಹರದೈತಿ, ನಾಲಗಿ ಅಲ್ಲ!"

ಅರುಣಕುಮಾರ ನಡುವೆ ಬಂದ. "ಬಿಡ್ರಿ ಮಾಮಾ, ಗಂಡಾಹೆಂಡ್ತಿ ಮಾತು. ಇದನ್ನ ನೋಡ್ರಿ ನೀವು. ನರಗುಂದದಾಗ ಇನ್ನೂ ಯಾರ ಕಡೆನೂ ಇಲ್ಲ. ಮೈಲಿ ದೂರ ಹೊಡೀತೈತಿ."

"ಮೈಲಿ ದೂರದಾಗ ಯಾರ ಹೊಲಾ ಐತಿ?"

"ಅಂದ್ರ?"

"ನಿಮ್ಮ ಹೊಲದಾಗ ನಿಂತು ಹೊಡದಿ ಅನ್ನು. ತಪ್ಪಿತು. ಮುಂದ ಗುಡ್ಡ ಐತೇನು? ಗಿಡಾ ಅದಾವೇನು? ಸಪಾಟ ಎರಿಹೊಲ. ಆ ಗುಂಡು ನಿಲ್ಲೂದು ಯಾರದರ ಎದ್ಯಾಗ. ಹುಲ್ಲು ಕೊಯ್ಯಾಕ ಬಗ್ಗಿದಾಕೀದೋ, ನೀರ ಹಾಸಾವಂದೋ. ಇವನ ಕೈಯಾಗಿನ ಬಂದೂಕಿನ ಸಣ್ಣ ಚರಿಗುಂಡು ಮುನ್ನೂರು ಗಜ ದಾಟೂದರಾಗ ನೆಲಾ ಹಿಡೀತಾವ. ಅದಕ್ಕ ಆರಿಸಿದ್ದೆ ನಾನು ಅದನ್ನ!"

"ಹಾರೂದರ ಹಾರಬೇಕಲ್ರಿ ಮೊದಲ," ಎಂದು ಅರುಣಕುಮಾರ ನಕ್ಕ.

ಆ ನಗೆ ಗುರುಸಂಗಪ್ಪನ ಮೈಗೆ ಕೆಂಡದಂತೆ ತಾಗಿತು. ಆದರೆ ಮಾತು ಸರಿಯಾಗಿತ್ತು. ಹಾರದ ಗುಂಡಿನ ದೂರ ಅಳೆದು ಏನು ಪ್ರಯೋಜನ? ಬಂದೂಕು ಸಿಡಿಯಲಿಲ್ಲ. ಏಕೆ ಸಿಡಿಯಲಿಲ್ಲ? ಮೂರು ವಾರದಲ್ಲಿ ಈ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಯಾರಿಂದ ಎಂದಷ್ಟೇ ಕೇಳಿದ್ದರು. ಒಂದು ಕಬ್ಬಿಣದ ವಸ್ತು ಕೆಟ್ಟಾಗ ಅದನ್ನು ಬಿಚ್ಚಿ ನೋಡುವುದಕ್ಕಿಂತ ಒಬ್ಬ ಹೆಂಗಸನ್ನು ಹೊರಗೆ ಹಾಕುವುದು ಸುಲಭವೆಂದು ಜನರಿಗೆ ತೋರುವುದಾದರೂ ಹೇಗೆ?

"ಅವತ್ತ ಬಂದೂಕಿನಾಗಿದ್ದ ಮದ್ದಿನ ತೋಟಾ ಎಲ್ಲೈತಿ?"

ಬನಶ್ರೀ ಒಳಗೆ ಹೋಗಿ ಒಂದು ಡಬ್ಬಿ ತಂದಳು. "ಇವರನ್ನ ಎತ್ತಿಕೊಂಡು ಬರೂ ಮುಂದ ನಾನ ಬಂದೂಕಿನ ನಳಿಗಿ ಬಾಗಿಸಿ ಇದನ್ನ ತಗದೆ ಮಾಮಾರ. ತುಂಬಿದ್ದು ಹಂಗ ಬಿಡಬಾರದು ಅಂತ ನೀವು ಹೇಳಿದ್ರೆಲ್ಲ. ಯಾರೂ ಕೇಳಲಿಲ್ಲ. ನಾನೂ ಕೊಡಲಿಲ್ಲ."

ಗುರುಸಂಗಪ್ಪ ಕನ್ನಡಕ ಮತ್ತೆ ಹಾಕಿಕೊಂಡ. ಸಿಡಿಯದ ತೋಟದ ಹಿತ್ತಾಳೆಯ ಹಿಂಬದಿಯಲ್ಲಿ, ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿಯ ಮೇಲೆ, ಇರುವೆ ಕಚ್ಚಿದಷ್ಟು ಗುರುತು. ಅವನ ಕಣ್ಣು ಗೋಡೆಯಲ್ಲಿದ್ದ ದೇವರ ಮಾಡಕ್ಕೆ ಹೋಯಿತು. ಹನ್ನೊಂದು ವರ್ಷದ ಹಿಂದೆ ಪರೀಕ್ಷೆಗೆಂದು ಹಾರಿಸಿದ ಎರಡು ತೋಟಗಳ ಖಾಲಿ ಕೊಳವೆಗಳನ್ನು ಮುದುಕವ್ವ ಅಲ್ಲಿ ಕುಂಕುಮ, ಭಂಡಾರ ತುಂಬಿ ಇಟ್ಟಿದ್ದಳು. ಕುಂಕುಮದ್ದನ್ನು ತೆಗೆದು, ತಟ್ಟೆಗೆ ಸುರಿದು ಬೋರಲು ಹಾಕಿದ. ಅದರ ಟೋಪಿಯಲ್ಲಿ ಕಡಲೆಕಾಳು ಕೂಡುವಂಥ ಗುಂಡಿ.

"ಅಯ್ಯ, ದೇವರ ಕುಂಕುಮ!" ಎಂದಳು ಮುದುಕವ್ವ.

"ದೇವರು ಒಂದೀಟು ತಡಕೊಳ್ಳಲಿ."

ಅವನು ಹಳೆಯ ಕೊಳವೆಯ ಟೋಪಿಯನ್ನು ಮೊಳೆಯಿಂದ ಹೊಡೆದು ಹೊರತೆಗೆದ. ಆ ತೂತಿಗೆ ಬಟ್ಟೆ ಸಾಬೂನು ಒತ್ತಿ ತುಂಬಿದ. ಬಂದೂಕಿಗೆ ಹಾಕಿ ಕುದುರೆ ಎಳೆದ. ಸಾಬೂನಿನ ಮೇಲೆ ಅದೇ ಇರುವೆ ಕಚ್ಚಿದ ಗುರುತು. ಸಾಬೂನು ಸಮ ಮಾಡಿ ಎರಡನೆಯ ಸಲ. ಮೂರನೆಯ ಸಲ. ಪ್ರತಿಸಲವೂ ಒಬ್ಬೊಬ್ಬರ ಮೂಗಿನ ಕೆಳಗೆ ಹಿಡಿದು ತೋರಿಸಿದ, ಹೊರಸಿನ ಮೇಲಿದ್ದವನಿಗೂ. ಮದ್ದು ಕೆಟ್ಟಿರಲಿಲ್ಲ. ಬಡಿಯಬೇಕಾದದ್ದು ಬಡಿಯುತ್ತಿರಲಿಲ್ಲ.

ಮೂರು ತಿರುಪು ಬಿಚ್ಚಿ, ಕುದುರೆಯ ಪೆಟ್ಟನ್ನು ತೋಟಕ್ಕೆ ಮುಟ್ಟಿಸುವ ಸಣ್ಣ ಮೊಳೆಯನ್ನು ಹೊರಗೆಳೆಯಲು ನೋಡಿದ. ಅದು ಬರಲಿಲ್ಲ. ಸುತ್ತಿಗೆಯಿಂದ ತಟ್ಟಿ ಕಡೆಗೂ ತೆಗೆದಾಗ, ಮೊಳೆಯ ಮೈತುಂಬ ಜೇನುಬಣ್ಣದ, ಅರಗಿನಂಥ ಗಟ್ಟಿ ಲೇಪ. ತುಕ್ಕಿನ ಒಂದು ಚುಕ್ಕೆಯೂ ಇಲ್ಲ. ಹೊಳೆಯ ನೀರು ಅದನ್ನು ಮುಟ್ಟಿರಲೇ ಇಲ್ಲ. ಅವನು ಲೇಪವನ್ನು ಉಗುರಿನಿಂದ ಕೆರೆದು ಮೂಸಿದ. ಈ ವಾಸನೆ ಅವನಿಗೆ ಗೊತ್ತು. ಈ ಸೀಮೆಯ ಪ್ರತಿ ಅಡಿಗೆಮನೆಯಲ್ಲಿ ಎಣ್ಣೆಯ ಡಬ್ಬಿಯ ಬಾಯಿಗೆ ಕಟ್ಟುವ ಹಳದಿ ಕೆನೆಯ ವಾಸನೆ.

"ಇದಕ್ಕ ಎಣ್ಣಿ ಯಾವುದು ಹಾಕತೀರಿ?"

ಮುದುಕವ್ವನ ಮುಖ ಅರಳಿತು. "ನಾನ ಹಾಕತೀನಿ. ಅಮಾಸಿ ಒಂದೂ ತಪ್ಪಿಸಿಲ್ಲ. ನಮ್ಮ ಹೊಲದ ಕುಸುಬಿ, ಗಾಣದಾಗ ಮೊದಲ ಹಿಂಡಿದ್ದು. ಮನಿಮಂದಿಗೆ ಬಡಸೂದಕ್ಕಿಂತ ಮೊದಲ ಇದಕ್ಕ." ಮಾಡದಿಂದ ಒಂದು ಸೀಸೆ ತಂದು ಮುಂದಿಟ್ಟಳು. "ನೀನ ಕೊಟ್ಟ ಬಾಟಲಿ ನೋಡು. ಒಂದ ದಿನಾ ಖಾಲಿ ಬಿಟ್ಟಿಲ್ಲ."

ಹಸಿರು ಗಾಜಿನ ಸೀಸೆ. ಮೈಮೇಲೆ ಅವನದೇ ಅಕ್ಷರ: 'ತಿಂಗಳಿಗೊಮ್ಮೆ. ತಪ್ಪಿಸಬಾರದು.' ಹನ್ನೊಂದು ವರ್ಷದ ಹಿಂದೆ ಬಂದೂಕಿನ ಎಣ್ಣೆ ತುಂಬಿ ಕೊಟ್ಟದ್ದು. ಅದು ಎರಡು ವರ್ಷಕ್ಕೆ ಮುಗಿದಿರಬೇಕು. ಆಮೇಲೆ ಒಂಬತ್ತು ವರ್ಷ ಆಕೆ ಮನೆಯಲ್ಲಿದ್ದ ಅತ್ಯುತ್ತಮ ಎಣ್ಣೆಯನ್ನು ಅದಕ್ಕೆ ತುಂಬುತ್ತ ಬಂದಿದ್ದಳು.

ಕುಸುಬೆ ಎಣ್ಣೆ ಒಣಗುವ ಜಾತಿಯದು. ನೀರಿನ ಹಾಗೆ ಆರಿ ಹೋಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಹೀರಿ ಬಿಗಿದುಕೊಂಡು, ಕೊನೆಗೆ ಬಾಗಿಲಿಗೆ ಬಳಿದ ವಾರ್ನಿಶ್ಶಿನಂತೆ ಗಟ್ಟಿಯಾಗುತ್ತದೆ. ಅಮಾವಾಸ್ಯೆಗೊಂದು ಪದರ. ನೂರಕ್ಕೂ ಹೆಚ್ಚು ಅಮಾವಾಸ್ಯೆ, ಈ ನಡುವೆ ಗುಂಡು ಹಾರಿಸಿದವರಿಲ್ಲ. ಮುದುಕವ್ವ ಭಕ್ತಿಯಿಂದ ಆ ಮೊಳೆಯನ್ನು ಒಂಬತ್ತು ವರ್ಷ ಅಂಟಿಸುತ್ತ ಕೂತಿದ್ದಳು.

ಆದರೆ ಗುರುಸಂಗಪ್ಪನನ್ನು ಚುಚ್ಚಿದ್ದು ಆಕೆಯ ಭಕ್ತಿಯಲ್ಲ. ಪ್ರತಿ ವರ್ಷ ಬನ್ನಿ ಕೊಡಲು ಅವನು ಈ ಮನೆಗೆ ಬಂದಿದ್ದ. ಪ್ರತಿ ವರ್ಷ ಈ ಸೀಸೆಯನ್ನು ಕಂಡಿದ್ದ. ತುಂಬಿದ ಸೀಸೆ, ಹೊಳೆಯುವ ನಳಿಗೆ. ನೋಡಿ, ನನ್ನ ಅಕ್ಕನ ಮನೆಯ ಶಿಸ್ತು ಎಂದು ಹೆಮ್ಮೆಪಟ್ಟು ಹೋಳಿಗೆ ಉಂಡು ಹೋಗಿದ್ದ. ಊರವರಿಗೆಲ್ಲ ಮೂರು ಪ್ರಶ್ನೆ ಕೇಳುವವನು, ತಿಂಗಳಿಗೊಮ್ಮೆ ಬಳಸುವ ಸೀಸೆ ಹನ್ನೊಂದು ವರ್ಷ ಬರಿದಾಗದೆ ಇರುವುದು ಹೇಗೆ ಎಂಬ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ. ತಪ್ಪಿಸಬಾರದು ಎಂದು ಬರೆದಿದ್ದ, ಏಕೆಂದು ಬರೆದಿರಲಿಲ್ಲ. ಕಾರಣ ಹೇಳದೆ ಕೊಟ್ಟ ಅಪ್ಪಣೆ ಮಾಡಕ್ಕೇರಿ ಕುಂಕುಮ ಇಡಿಸಿಕೊಂಡಿತ್ತು.

ಕನ್ನಡಕ ಮತ್ತೆ ಜೇಬಿಗೆ ಇಳಿಯಿತು. "ಬಂದೂಕ ಸಿಡೀಲಿಲ್ಲ, ಯಾಕಂದ್ರ ಮೊಳಿ ಅಂಟಿತ್ತು. ಮೊಳಿ ಅಂಟಿದ್ದು ಕುಸುಬಿ ಎಣ್ಣಿಗೆ. ಎಣ್ಣಿ ಹಾಕಿದಾಕಿ ನಮ್ಮಕ್ಕ. ಯಾವ ಎಣ್ಣಿ, ಯಾಕ ಅಂತ ಹೇಳದ ಹೋದಾಂವ ನಾನು. ಒಂಬತ್ತು ವರ್ಷ ಕಣ್ಣೆದುರಿಗಿದ್ದದ್ದು ನೋಡಲಿಲ್ಲ, ಅದೂ ನಾನ. ಇದರಾಗ ಆ ಹುಡುಗೀದು ಏನೈತಿ? ಆಕಿ ಹೊತ್ತು ತರಲಿಲ್ಲ ಅಂದ್ರ ಇವತ್ತ ಬಿಚ್ಚಿ ನೋಡಾಕ ಬಂದೂಕನ ಇರತಿದ್ದಿಲ್ಲ!"

"ಹಂಗಾರ ತಪ್ಪು ನಿಮ್ಮದ ಅಂದಂಗಾತಲ್ರಿ ಮಾಮಾ," ಎಂದ ಅರುಣಕುಮಾರ.

"ಹೌದು, ನನ್ನದ. ನಿನ್ನ ಕಾಗದದ ಹಿಂದ ಬರಕೊಂಡ ನರಗುಂದಕ್ಕ ಹೋಗು, ನಾಲ್ಕ ಮಂದಿಗೆ ಓದಿ ಹೇಳು."

ಅರುಣಕುಮಾರ ಕಾಗದ ಮಡಚಿದ. ಗುರುಸಂಗಪ್ಪ ಚಿಮಣಿ ಎಣ್ಣೆಯಲ್ಲಿ ಮೊಳೆಯನ್ನು ನೆನೆಸಿ, ಹಿತ್ತಾಳೆಯ ಬ್ರಶ್ಶಿನಿಂದ ಉಜ್ಜಿ, ಒರೆಸಿ, ಬೆರಳಿನಿಂದ ತಳ್ಳಿದರೆ ಹೋಗಿ ಬರುವಷ್ಟು ಸಡಿಲ ಮಾಡಿದ. ಪೆಟ್ಟಿಗೆಯಲ್ಲಿದ್ದ ತೆಳು ಎಣ್ಣೆಯ ಒಂದು ಹನಿ ಬಿಟ್ಟು ಎಲ್ಲ ಜೋಡಿಸಿದ. ಸಾಬೂನಿನ ಕೊಳವೆಯನ್ನು ಹಾಕಿ ಬಂದೂಕನ್ನು ಬನಶ್ರೀಯ ಕೈಗೆ ಕೊಟ್ಟ.

"ಗ್ವಾಡಿ ಕಡೆ ಹಿಡಿ. ಎಳಿ."

"ತಮ್ಮಾ, ಬ್ಯಾಡ," ಎಂದಳು ಮುದುಕವ್ವ.

ಬನಶ್ರೀ ಎಳೆದಳು. ಈ ಸಲ ಟಪ್ ಎನ್ನಲಿಲ್ಲ, ಖಣ್ ಎಂದಿತು. ಸಾಬೂನಿನಲ್ಲಿ ಮೊಳೆ ಆಳಕ್ಕಿಳಿದಿತ್ತು. ಕಡಲೆಕಾಳು ಕೂಡುವಂಥ ಗುಂಡಿ. ಆಕೆ ಅದನ್ನು ತಾನೇ ಒಯ್ದು ಅತ್ತೆಗೆ ತೋರಿಸಿದಳು. ಮುದುಕವ್ವ ಬಹಳ ಹೊತ್ತು ನೋಡಿದಳು. ಸೀಸೆಯನ್ನು ನೋಡಿದಳು.

"ಅದೆಲ್ಲಾ ಖರೇ ಇರಬೇಕು," ಎಂದಳು ಕಡೆಗೆ. "ಆದರೂ ಆಕಿ ಮುಟ್ಟಿದ್ದು ಮುಟ್ಟಿದ್ದನ ಅಲ್ಲೇನು?"

ಗುರುಸಂಗಪ್ಪನ ಬಾಯಿಗೆ ಬಂದ ಮಾತು ಅಕ್ಕನಿಗೆ ಆಡುವಂಥದ್ದಾಗಿರಲಿಲ್ಲ. ಅವನು ಅದನ್ನು ನುಂಗಲು ಎದ್ದು ಅಂಗಳಕ್ಕೆ ಹೋಗಿ ನಿಂತ. ಸಾಬೂನಿನ ಗುಂಡಿಯನ್ನು ಕಂಡವರು ಸಾಬೂನಿನ ಗುಂಡಿಯನ್ನು ಒಪ್ಪುತ್ತಾರೆ, ಅದರಾಚೆ ಒಂದು ಹೆಜ್ಜೆ ಇಡುವುದಿಲ್ಲ. ಇನ್ನು ಯಾವ ಯಂತ್ರ ಬಿಚ್ಚಬೇಕು?

ಹಿಂದಿನಿಂದ ಶಿವನಪ್ಪನ ದನಿ ಕೇಳಿತು. "ಬನಶ್ರೀ, ಚೀಲಾ ಒಳಗ ಇಡು."

"ನಾ ಕಟ್ಟಿದ್ದಲ್ಲ ಅದು," ಎಂದಳು ಬನಶ್ರೀ. ಮೂರು ವಾರದ ಸಿಟ್ಟೆಲ್ಲ ಆ ತಣ್ಣನೆಯ ದನಿಯಲ್ಲಿತ್ತು. "ಕಟ್ಟೂ ಮುಂದ ನೀವು ಸುಮ್ಮನ ನೋಡಕೋತ ಮಲಗಿದ್ರಿ. ಎದ್ದು ನೀವ ಇಡ್ರಿ. ಇಲ್ಲಾಂದ್ರ ನಾಕರ ಬಸ್ಸಿಗೆ ನಾನ ಒಯ್ತೀನಿ."

ಹೊರಸು ಕಿರುಗುಟ್ಟಿತು. ಕೋಲು ನೆಲಕ್ಕೆ ಬಡಿದ ಸದ್ದು. ಮುದುಕವ್ವ "ಹೊಲಿಗಿ ಬಿಚ್ಚತಾವೋ ಮಗನ" ಎಂದು ಏಳಹೋದಳು. ಅರುಣಕುಮಾರ ಕೈ ಚಾಚಿದ.

"ಯಾರೂ ಮುಟ್ಟಬ್ಯಾಡ್ರಿ," ಎಂದ ಗುರುಸಂಗಪ್ಪ ಅಂಗಳದಿಂದಲೇ.

ಶಿವನಪ್ಪ ಹಲ್ಲು ಕಚ್ಚಿ ಹೊಸ್ತಿಲ ತನಕ ಕುಂಟುತ್ತ ಬಂದ. ಚೀಲದ ಬಾಯಿ ಹಿಡಿದು ಎತ್ತಲು ನೋಡಿದ, ಆಗಲಿಲ್ಲ. ನೆಲದ ಮೇಲೆ ಎಳೆದ. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಚೀಲ, ಪಡಸಾಲೆ ದಾಟಿ, ಹೆಂಡತಿಯ ಮುಂದೆ ಹಾದು, ಒಳಕೋಣೆಯ ಬಾಗಿಲ ತನಕ. ಬನಶ್ರೀ ನೆರವಾಗಲಿಲ್ಲ, ಚೀಲ ಕೋಣೆಯ ಒಳಗೆ ಹೋಯಿತೆಂದು ಖಾತ್ರಿಯಾಗುವ ತನಕ ನಿಂತು ನೋಡಿದಳು. ಆಮೇಲೆ ಬಂದೂಕಿನ ನಳಿಗೆ ಬಾಗಿಸಿ ತೆರೆದು, ಕೊಳವೆ ಹೊರತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ಖಾಲಿಯೆಂದು ನೋಡಿಕೊಂಡು, ಗೂಟಕ್ಕೆ ತಾನೇ ತೂಗುಹಾಕಿದಳು.

ಗುರುಸಂಗಪ್ಪ ಹಸಿರು ಸೀಸೆಯನ್ನು ಹಿತ್ತಿಲ ಬೂದಿಗುಂಡಿಗೆ ಬಗ್ಗಿಸಿ ಬರಿದು ಮಾಡಿ, ಉಪಕರಣಗಳ ಪೆಟ್ಟಿಗೆಯಲ್ಲಿಟ್ಟುಕೊಂಡ. ಬಸ್ಸು ರೋಣ ಮುಟ್ಟಿದರೂ ಅವನ ಕನ್ನಡಕ ಜೇಬಿನಿಂದ ಹೊರಗೆ ಬಂದಿರಲಿಲ್ಲ.