ಗೂಡಿನಲ್ಲಿಟ್ಟ ಕಪ್ಪು ಸೀಸೆ

ಲ್ಯಾಬಿನ ಕೆಲಸಕ್ಕೆಂದು ಕಾಶಿಗೆ ಬಂದವಳು ಸೋನಾರ್‌ಪುರದಲ್ಲಿ ಬಾಡಿಗೆಗೆ ರೂಮು ಹುಡುಕುತ್ತ ಒಂದು ಬಾಗಿಲ ಮುಂದೆ ನಿಂತು "ಅಮ್ಮಾ" ಎಂದು ಕೂಗಿದೆ. ಬಾಗಿಲು ತೆರೆದ ಹೆಂಗಸು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕನ್ನಡದಲ್ಲಿ ಕೇಳಿದರು: "ಯಾರು ಹೋದ್ರಮ್ಮ?"

"ಯಾರೂ ಹೋಗಿಲ್ರೀ, ನಾನೇ ಬಂದೀನಿ" ಎಂದೆ. ರತ್ನಮ್ಮನವರು ನಕ್ಕುಬಿಟ್ಟರು. ಅವರ ಗಂಡ ಶಾಸ್ತ್ರಿಗಳು ನಮ್ಮ ಕಡೆಯಿಂದ ಬರುವವರಿಗೆ ಅಪರಕರ್ಮ ಮಾಡಿಸುವವರು. ಆ ಬಾಗಿಲಿಗೆ ಬರುವ ಕನ್ನಡದವರೆಲ್ಲ ಒಂದು ಸಾವನ್ನು ಹೊತ್ತೇ ಬರುತ್ತಿದ್ದರು. ಸುಮ್ಮನೆ ಬಂದವಳು ನಾನೊಬ್ಬಳೇ ಇರಬೇಕು, ಮಹಡಿಯ ರೂಮು ಸಿಕ್ಕಿತು.

ನಮ್ಮ ಸಂಡೂರಿನಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಅದಿರಿನ ಕೆಂಪು ಧೂಳು ಕೂರುತ್ತದೆ. ಇಲ್ಲಿ ಮಣಿಕರ್ಣಿಕಾ ಘಾಟಿನ ಚಿತೆಗಳ ಕಡೆಯಿಂದ ಗಾಳಿ ಬೀಸಿದರೆ ಬೂದಿ. ಮೊದಲ ವಾರ ಅದನ್ನು ಕೊಡವಲು ಕೈ ಹಿಂಜರಿಯಿತು, ಆಮೇಲೆ ಕೊಡವಿ ಉಟ್ಟೆ. ತರಕಾರಿಯವನು ಬದನೆಕಾಯಿಗೆ 'ಭಂಟಾ' ಎನ್ನುವುದೂ ರೂಢಿಯಾಯಿತು. ಶಾಸ್ತ್ರಿಗಳ ಮಕ್ಕಳು ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವರು. ಹಾಗಾಗಿ ರತ್ನಮ್ಮನವರಿಗೆ ಮಾತಿಗೆ ನಾನು ಬೇಕಿತ್ತು, ನನಗೆ ಅವರ ಸಾರು ಬೇಕಿತ್ತು.

"ಲ್ಯಾಬಲ್ಲಿ ನೀನು ಮಾಡೋದಾದ್ರೂ ಏನಮ್ಮ?" ಎಂದು ದಿನಾ ಕೇಳುತ್ತಿದ್ದರು. ಒಂದು ದಿನ ನಿಯಮ ಮೀರಿ ಪುಟ್ಟ ಸೀಸೆಯೊಂದನ್ನು ಮನೆಗೆ ತಂದೆ. ಅದರಲ್ಲಿದ್ದದ್ದು ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣದಾದ ಕಬ್ಬಿಣದ ನ್ಯಾನೊ ಕಣಗಳು ಬೆರೆತ ನೀರು. ಕಣಗಳನ್ನು ಕ್ಯಾನ್ಸರ್ ಗೆಡ್ಡೆಯೊಳಗೆ ಸೇರಿಸಿ, ಹೊರಗಿನಿಂದ ಬಿರುಸಾಗಿ ದಿಕ್ಕು ಬದಲಿಸುವ ಕಾಂತಕ್ಷೇತ್ರ ಕೊಟ್ಟರೆ ಅವು ಬಿಸಿಯಾಗುತ್ತವೆ, ಆ ಬಿಸಿಗೆ ಗೆಡ್ಡೆ ಸಾಯುತ್ತದೆ ಎಂದು ವಿವರಿಸಿದೆ. ಸೀಸೆಗೆ ಆಯಸ್ಕಾಂತ ಹಿಡಿದೆ. ಮಸಿಯಂಥ ನೀರು ಗಾಜು ಹತ್ತಿಕೊಂಡು ಅದರ ಹಿಂದೆಯೇ ಹೋಯಿತು.

ರತ್ನಮ್ಮನವರು ರೆಪ್ಪೆ ಮಿಟುಕಿಸಲಿಲ್ಲ. "ಎಲ್ಲಿ ಕರೆದ್ರೆ ಅಲ್ಲಿಗೆ ಹೋಗುತ್ತಾ?"

"ಹೂಂ" ಎಂದೆ ಜಂಬದಿಂದ. ಇದಿನ್ನೂ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗಷ್ಟೇ, ಮನುಷ್ಯರಿಗಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಸೀಸೆಯನ್ನು ನನ್ನ ರೂಮಿನ ಗೋಡೆಯ ಗೂಡಿನಲ್ಲಿಟ್ಟು ಮರೆತೆ.

ಅದರಲ್ಲಿನ ನೀರು ಬರಬರುತ್ತ ಇಳಿಯತೊಡಗಿತು. ಮುಚ್ಚಳ ಬಿಗಿಯಾಗಿಯೇ ಇತ್ತು, ಆದರೂ ಆರಿಹೋಗುತ್ತಿರಬೇಕು ಎಂದುಕೊಂಡೆ. ರತ್ನಮ್ಮನವರ ಹಲ್ಲುಗಳ ಸಂದಿ ಕಪ್ಪಾಗಿದ್ದನ್ನೂ ಕಂಡೆ, ಎಲೆಅಡಿಕೆ ಇರಬೇಕೆಂದು ಸುಮ್ಮನಾದೆ. ಒಂದು ಮಧ್ಯಾಹ್ನ ಅವರು ಹೊಲಿಗೆಗೆ ಕೂತಿದ್ದಾಗ ಸೂಜಿ ಕೊಡಲು ಬಾಗಿದೆ. ಸೂಜಿ ನನ್ನ ಬೆರಳಿಂದ ಜಿಗಿದು ಅವರ ಎದೆಗೆ ಹೋಗಿ, ಸೆರಗಿನ ಮೇಲೆ ನೆಟ್ಟಗೆ ನಿಂತಿತು.

ಅವರು ಕುಪ್ಪಸದೊಳಗಿಂದ ಆಯಸ್ಕಾಂತವೊಂದನ್ನು ತೆಗೆದು ನೆಲದ ಮೇಲಿಟ್ಟರು. ಗಂಗೆಗೆ ಭಕ್ತರು ಎಸೆದ ನಾಣ್ಯಗಳನ್ನು ಹಗ್ಗಕ್ಕೆ ಕಟ್ಟಿದ ಆಯಸ್ಕಾಂತದಿಂದ ಎತ್ತುವ ಮಲ್ಲಾಹನಿಂದ, ಎಂದರೆ ದೋಣಿಯವನಿಂದ, ಕೊಂಡದ್ದಂತೆ.

"ಇಲ್ಲೊಂದು ಗಂಟಾಗಿದೆ ಕಣಮ್ಮ. ಮೂರು ತಿಂಗಳಿಂದ ನಿನ್ನ ಔಷಧಿ ಉದ್ಧರಣೆಲಿ ತಗೋತಿದೀನಿ, ತೀರ್ಥ ತಗೊಂಡ ಹಾಗೆ, ದಿನಾ ಮೂರು ತೊಟ್ಟು. ಈಗ ಅಲ್ಲಿ ಬೆಚ್ಚಗಾಗ್ತಿದೆ."

"ಅದು ಔಷಧಿ ಅಲ್ರೀ! ಕುಡಿದ್ರ ಹೊಟ್ಟಿಗೆ ಹೋಗ್ತದ, ಗಂಟಿಗಲ್ಲ. ಶಾಸ್ತ್ರಿಗಳಿಗೆ ಯಾಕ ಹೇಳ್ಲಿಲ್ಲ?"

"ಈ ಮನೇಲಿ ಹೊತ್ತು ಹುಟ್ಟಿದ್ರೆ ಸಾವಿನ ಮಾತೇ. ನನ್ನದೂ ಒಂದು ಯಾಕೆ ಸೇರಿಸ್ಲಿ? ನೀರು ಹತ್ತಿದ್ದನ್ನ ಕಣ್ಣಾರೆ ನೋಡಿದ್ನಲ್ಲಮ್ಮ."

ಅತ್ತು ಕರೆದು ಮರುದಿನವೇ ಭೇಲೂಪುರದ ಡಾಕ್ಟರ ಬಳಿ ಕರೆದೊಯ್ದೆ. "ಮೂರು ತಿಂಗಳ ಹಿಂದೆ ಬಂದಿದ್ದರೆ..." ಎಂದರು ಡಾಕ್ಟರು. ಆಪರೇಷನ್ ಆಯಿತು. ಚಳಿಗಾಲ ಮುಗಿಯುವ ಮೊದಲೇ ರತ್ನಮ್ಮನವರು ಹೋದರು. ಎಷ್ಟೋ ಜನರಿಗೆ ಮಂತ್ರ ಹೇಳಿಕೊಟ್ಟ ಶಾಸ್ತ್ರಿಗಳು ಅಂದು ಮಣಿಕರ್ಣಿಕಾದಲ್ಲಿ ಬೇರೆಯವರು ಹೇಳಿಕೊಟ್ಟದ್ದನ್ನು ಹೇಳಿದರಂತೆ.

ನಾನು ಒಲೆ ಹಚ್ಚಲಿಲ್ಲ, ಲ್ಯಾಬಿಗೂ ಹೋಗಲಿಲ್ಲ. ಮೂರನೆಯ ದಿನ ಶಾಸ್ತ್ರಿಗಳು ಮೆಟ್ಟಿಲ ಕೆಳಗೆ ನಿಂತು ಹೇಳಿದರು: "ನಿನಗೆ ಸೂತಕ ಬರಲ್ಲಮ್ಮ, ನೀನು ನಮ್ಮ ಪೈಕಿ ಅಲ್ವಲ್ಲ. ಕೆಲಸಕ್ಕೆ ಹೋಗು." ಅವರು ಕರುಣೆಯಿಂದಲೇ ಹೇಳಿದ್ದು. ಸೀಸೆಯ ವಿಷಯ ಅವರಿಗೆ ಅಂದೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ಈಗಲೂ ಅದೇ ಮಹಡಿಯಲ್ಲಿದ್ದೇನೆ, ನನ್ನ ಕಣಗಳಿನ್ನೂ ಗಾಜಿನ ತಟ್ಟೆ ದಾಟಿಲ್ಲ.

ಆಗ, ರತ್ನಮ್ಮನವರ ಹದಿಮೂರು ದಿನ ಕಳೆದ ಮೇಲೆ, ರಜೆ ಹಾಕಿ ಸಂಡೂರಿಗೆ ಹೋದೆ. ಎಸ್‌ಟಿಡಿ ಬೂತಿನಿಂದ ಮೊದಲೇ ಸಾವಿನ ಸುದ್ದಿ ಹೇಳಿದ್ದರಿಂದ ಅವ್ವ ಹೊಸ್ತಿಲಲ್ಲೇ ತಡೆದಳು. "ಸಾವಿನ ಮನಿಯಿಂದ ಬಂದೀ, ಒಳಗ ಬರಬ್ಯಾಡ. ಹಿತ್ತಲಿಗೆ ನಡಿ." ಉಟ್ಟ ಬಟ್ಟೆಯಲ್ಲೇ ಕಲ್ಲಿನ ಮೇಲೆ ಕೂರಿಸಿ ತಲೆಗೆ ನೀರು ಸುರಿದಳು.

"ಅಲ್ಲಬೇ, ಆಕಿ ನಿನಗ ಏನಾಗಬೇಕು?" ಎಂದು ಕೇಳಿದಳು.

"ಇನ್ನೊಂದು ಚೊಂಬು ಹಾಕವ್ವ" ಎಂದೆ.