ಅರವತ್ತನಾಲ್ಕು ಹೆಜ್ಜೆಯ ಮರಳು

ಚಿಕ್ಕಮ್ಮನ ಅಂಗಡಿಯ ಹಿಂಬಾಗಿಲಿನಿಂದ ಕಡಲಿಗೆ ಅರವತ್ತನಾಲ್ಕು ಹೆಜ್ಜೆ. ಹನ್ನೊಂದನೆಯ ವಯಸ್ಸಿನಲ್ಲಿ, ಜನವರಿಯ ಒಂದು ಭಾನುವಾರ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹಾಗೆ ಬರೆದಿದ್ದೇನೆ. ಭರತದ ನೀರು ಕಸಕಡ್ಡಿ ಬಿಟ್ಟುಹೋದ ಗೆರೆಯವರೆಗೆ ಎಣಿಸಿದ್ದು ಅದು. ಅದೇ ದಿನ ಮುಂಬಾಗಿಲಿನಿಂದ ಬಸ್ ಸ್ಟಾಪಿಗೂ ಎಣಿಸಿದ್ದೆ: ನೂರಿಪ್ಪತ್ತು. ಎಣಿಸುವುದು ನನಗೆ ಇಷ್ಟ, ಅಷ್ಟೆ.

ಅಂದಿನಿಂದ ತಿಂಗಳ ಮೊದಲ ಭಾನುವಾರ ನಮ್ಮ ಮನೆಯಿರುವ ದಹಿಸರ್‌ನಿಂದ ಲೋಕಲ್ ರೈಲಿನಲ್ಲಿ ಮಲಾಡಿಗೆ, ಅಲ್ಲಿಂದ ಬಸ್ಸು. ಹೋದಾಗಲೆಲ್ಲ ಎಣಿಸಿ ಬರೆಯುತ್ತೇನೆ. ಬೀಚಿಗೆ ಬರುವವರಿಗೆ ಚಿಕ್ಕಮ್ಮ ಬನ್ಸ್, ಚಹಾ ಮಾರುತ್ತಾಳೆ. ಹಿಂದೆಯೇ ಅವಳ ಅಡುಗೆಕೋಣೆ.

ನಾಲ್ಕು ವರ್ಷದ ಹಿಂದೆ ಪಕ್ಕದ ರೆಸಾರ್ಟಿನ ಉದ್ದಕ್ಕೂ ಸರ್ಕಾರಿ ಖರ್ಚಿನಲ್ಲಿ ಸಿಮೆಂಟಿನ ತಡೆಗೋಡೆ ಎದ್ದಿತು. ಅದು ಮುಗಿದದ್ದು ಸರಿಯಾಗಿ ನಮ್ಮ ಬೇಲಿಯ ಬಳಿ. ಇಳಿಜಾರಿನ ಮರಳು ಹತ್ತುತ್ತಾ ಅಲೆ ಸುಸ್ತಾಗುತ್ತದೆ. ನೆಟ್ಟಗಿನ ಗೋಡೆಗೆ ಬಡಿದ ಅಲೆ ಸುಸ್ತಾಗುವುದಿಲ್ಲ. ಬುಡದ ಮರಳನ್ನು ಕೆದಕಿಕೊಂಡು ಹಿಂದಿರುಗುತ್ತದೆ, ಗೋಡೆ ಮುಗಿದಲ್ಲಿ ತಿರುಗಿ ಒಳಗೆ ನುಗ್ಗುತ್ತದೆ. ಹೋದ ವರ್ಷದ ಮಳೆಗಾಲದಲ್ಲಿ ಅಡುಗೆಕೋಣೆಯ ಮೆಟ್ಟಿಲು ಹೋಯಿತು.

"ಅವ್ರ ಲಾನ್ ಉಳೀತು, ನನ್ನ ಒಲೆ ಹೋಗ್ತದೆ. ಇದೆಂಥ ರಕ್ಷಣೆ ಮಾರಾಯ್ತಿ?" ಎಂದಳು ಚಿಕ್ಕಮ್ಮ.

ನಾನು ಸರ್ಕಾರಕ್ಕೆ ಅರ್ಜಿ ಬರೆದೆ. ಮೂರನೆಯ ಅರ್ಜಿಗೆ ಇಂಜಿನಿಯರ್ ಬಂದರು, ಚಹಾ ಕುಡಿದರು, ಸವೆತ ಪ್ರಕೃತಿಯ ನಿಯಮ ಎಂದರು. ನೋಟ್‌ಬುಕ್ ಮುಂದಿಟ್ಟೆ. ಅರವತ್ತನಾಲ್ಕು ಇದ್ದದ್ದು ಹದಿನೇಳಕ್ಕೆ ಇಳಿದಿತ್ತು. ಅವರು ಮೊದಲ ಪುಟ ನೋಡಿ ನಕ್ಕರು.

"ಬೇಟಿ, ಗಿಡ್ಡ ಆಗಿದ್ದು ಬೀಚ್ ಅಲ್ಲ, ಉದ್ದ ಆಗಿದ್ದು ನಿನ್ನ ಕಾಲು."

ಜೊತೆಗೆ ಬಂದಿದ್ದವರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಹತ್ತು ವರ್ಷದ ಎಣಿಕೆಯನ್ನು ಒಂದು ತಮಾಷೆಯಲ್ಲಿ ಮುಗಿಸಿಬಿಟ್ಟರಲ್ಲ! ಆಗ ಬಸ್ ಸ್ಟಾಪ್ ನೆನಪಾಯಿತು. ಅದು ಇದ್ದಲ್ಲೇ ಇದೆ. ನೂರಿಪ್ಪತ್ತು ಹೆಜ್ಜೆ ಈಗ ತೊಂಬತ್ತಾರು. ಅಂದರೆ ಐದರಲ್ಲಿ ಒಂದು ಪಾಲು ಕಡಿಮೆ. ಕಾಲು ಬೆಳೆದದ್ದಕ್ಕೆ ಅರವತ್ತನಾಲ್ಕರಲ್ಲೂ ಅದೇ ಪಾಲು ಕಳೆದರೆ ಕಡಲು ಐವತ್ತೊಂದು ಹೆಜ್ಜೆ ದೂರವಿರಬೇಕು. ಗೋಡೆ ಏಳುವ ಹಿಂದಿನ ತಿಂಗಳ ಪುಟದಲ್ಲೂ ಐವತ್ತೊಂದೇ ಇತ್ತು. ನನ್ನ ಕಾಲು ತಿಂದದ್ದು ಹದಿಮೂರು ಹೆಜ್ಜೆ. ಉಳಿದ ಮೂವತ್ತನಾಲ್ಕನ್ನು ತಿಂದವರು ಯಾರು ಎಂದು ಕೇಳಿದೆ. ಅವರು ನಗಲಿಲ್ಲ. ನೋಟ್‌ಬುಕ್ಕಿನ ಫೋಟೋ ತೆಗೆದುಕೊಂಡು ಹೋದರು.

ದೀಪಾವಳಿಯ ನಂತರ ಲಾರಿಗಳಲ್ಲಿ ಕಪ್ಪು ಬಂಡೆಗಳು ಬಂದವು. ಗೋಡೆಯ ತುದಿಯಿಂದ ನಮ್ಮ ಅಡುಗೆಕೋಣೆ ದಾಟುವವರೆಗೆ ಸುರಿದರು. ಇಡೀ ತೀರಕ್ಕೆ ಒಂದು ಯೋಜನೆ ಇಲ್ಲ. ದೂರು ಕೊಟ್ಟವರ ಬಾಯಿ ಮುಚ್ಚುವಷ್ಟು ಕಲ್ಲು. ಅಂದು ಚಿಕ್ಕಮ್ಮ ಎಲ್ಲರಿಗೂ ಬಿಸಿ ಬನ್ಸ್ ಕೊಟ್ಟಳು. ನಾನೂ ನಾಲ್ಕು ತಿಂದೆ.

ಈ ಜೂನ್ ಕಳೆದ ಮೇಲೆ ಆಚೆ ಪಕ್ಕದ ಮನೆಯವಳು, ನಾನು ಮಾವಶಿ ಎಂದು ಕರೆಯುವ ಮರಾಠಿ ಹೆಂಗಸು, ನನ್ನ ಕೈ ಹಿಡಿದು ಕರೆದುಕೊಂಡು ಹೋದಳು. ಅವಳು ಮೀನು ಒಣಗಿಸುವ ಬಿದಿರಿನ ಕಂಬಗಳಲ್ಲಿ ಎರಡು ಕಡಲಿನ ಕಡೆಗೆ ವಾಲಿದ್ದವು. ಬಂಡೆಗಳು ಮುಗಿಯುವುದು ಅವಳ ಅಂಗಳದ ಅಂಚಿನಲ್ಲಿ. ಅವು ಅಲ್ಲಿಗೇ ಯಾಕೆ ನಿಂತವು ಎಂದು ಅವಳು ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು, ಬೈಯಲಿಲ್ಲ.

ಮನೆಗೆ ಬಂದು ನನ್ನ ಮೂರೂ ಅರ್ಜಿಗಳ ನಕಲು ತೆಗೆದೆ. 'ನಮ್ಮ ಅಂಗಡಿ' ಎಂದು ಹನ್ನೊಂದು ಸಲ ಬರೆದಿದ್ದೆ. ಮಾವಶಿಯ ಅಂಗಳ ಒಂದು ಸಲವೂ ಇರಲಿಲ್ಲ. ಇಂಜಿನಿಯರ್ ಮೇಲಿನ ಸಿಟ್ಟು ಇಳಿದಿಲ್ಲ, ಆದರೆ ಈಗ ಅದರಲ್ಲಿ ನನಗೂ ಪಾಲಿದೆ. ಹೊಸ ಪುಟ ತೆರೆದು ಮೊದಲ ಸಾಲು ಬರೆದೆ: ಮಾವಶಿಯ ಕಂಬದಿಂದ ಕಡಲಿಗೆ, ಇಪ್ಪತ್ತೆರಡು.